ಕೈಯಲ್ಲೇ ಉಳಿದ ಬೂಟು

ಎಡಿನ್‌ಬರಾ, ಅಕ್ಟೋಬರ್ 1786

ಅಪ್ಪಾ,

ಮೊದಲು ಆ ಬೂಟಿನ ವಿಷಯ. ಶೀಲಸ್ ಅತ್ತೆ ಏನೇ ಹೇಳಿ ಕಳಿಸಲಿ, ನನ್ನೊಬ್ಬಳದೇ ತಪ್ಪಲ್ಲ. ಫಾಲ್ಕರ್ಕ್ ದನದ ಸಂತೆಯಲ್ಲಿ ನಿನ್ನನ್ನು ಬಿಟ್ಟು ಹೊರಟ ಮೇಲೆ ಅತ್ತೆಯೂ ನಾನೂ, ನಮ್ಮವರೆಲ್ಲ ಮಾಡುವ ಹಾಗೆ, ಬೂಟು ಸವೆಯದಿರಲಿ ಎಂದು ಕೈಯಲ್ಲಿ ಹಿಡಿದು ಬರಿಗಾಲಲ್ಲೇ ನಡೆದೆವು. ಊರಂಚಿನ ತೊರೆಯಲ್ಲಿ ಕಾಲು ತೊಳೆದು ಹಾಕಿಕೊಳ್ಳಬೇಕಿತ್ತು. ಅಷ್ಟರಲ್ಲಿ ಮಂಜು ಸರಿದು ಬಂಡೆಯ ಮೇಲಿನ ಕೋಟೆ ಕಾಣಿಸಿತು. ಅದರ ಬೆನ್ನಿಗೇ ಮನೆಯ ತಲೆಯ ಮೇಲೆ ಮನೆ, ಅದರ ಮೇಲೆ ಇನ್ನೊಂದು, ಎಲ್ಲದರಿಂದಲೂ ಹೊಗೆ. ಕತ್ತೆತ್ತಿಕೊಂಡು ಹಾಗೇ ನಡೆದುಬಿಟ್ಟೆ. ತೊರೆಯನ್ನು ಯಾವಾಗ ದಾಟಿದೆನೋ ತಿಳಿಯಲೇ ಇಲ್ಲ.

ಕೆಲಸ ಕೇಳಲು ಹೋದ ಮನೆ ಏಳನೆಯ ಮಹಡಿಯಲ್ಲಿದೆ. ಒಡತಿ ನಮ್ಮ ಬೆಟ್ಟದ ಕಡೆಯವರೇ. ನನ್ನ ಕೆಸರುಗಾಲು ನೋಡಿ, "ಬೂಟು ಇಲ್ವೇನೇ?" ಅಂದರು.

"ಇದೆ ಅಮ್ಮಾ, ಕೈಯಲ್ಲಿದೆ."

"ಹಂಗಾದ್ರೆ ಕೈ ಮೇಲೇ ನಡ್ಕೊಂಡು ಬರ್ಬೇಕಿತ್ತು ಕಣೇ," ಎಂದು ನಕ್ಕು ಒಳಗೆ ಕರೆದರು.

ಚಳಿಗಾಲ ಮುಗಿಯುವವರೆಗೆ ಇಟ್ಟುಕೊಳ್ಳುತ್ತಾರಂತೆ, ಆದರೆ ನಿನ್ನ ಒಪ್ಪಿಗೆ ಬೇಕಂತೆ. ನೀನು ಬೇಡ ಅನ್ನುತ್ತೀಯ, ಗೊತ್ತು. "ಪಟ್ಟಣ ಸೇರಿದೋರು ಬೆಟ್ಟ ಮರೀತಾರೆ" ಅಂತ ಯಾವಾಗಲೂ ಹೇಳುತ್ತೀಯಲ್ಲ. ಇಲ್ಲಿನ ಅಡುಗೆಮನೆಯ ಕಿಟಕಿಯಿಂದ, ಕೊಲ್ಲಿಯಾಚೆ ಬಲು ದೂರದಲ್ಲಿ, ಬೆಟ್ಟಗಳ ಸಾಲು ನೀಲಿಯಾಗಿ ಕಾಣುತ್ತದೆ ಅಪ್ಪಾ. ಅಲ್ಲೇ ಇದ್ದಾಗ ಅವು ಇಷ್ಟು ದೊಡ್ಡವು ಅಂತ ನನಗೆ ಗೊತ್ತೇ ಇರಲಿಲ್ಲ.

ಪ್ರತಿ ವರ್ಷ ದನ ಮಾರಿ ಸಂತೆಯಿಂದಲೇ ಹಿಂದಿರುಗುತ್ತೀಯ. ಈ ಸಲ ಇನ್ನೊಂದು ದಿನ ನಡೆದು ಬಾ. ನಿನ್ನ ಹತ್ತಿರ ಬಿಟ್ಟ ದಪ್ಪ ಶಾಲನ್ನೂ ತಾ. ಈ ಕಿಟಕಿಯಲ್ಲಿ ಒಂದು ಗಳಿಗೆ ನಿಂತು, ಆಮೇಲೆ 'ಮನೆಗೆ ನಡಿ' ಅನ್ನು, ಬಂದುಬಿಡುತ್ತೇನೆ. ಅನ್ನೋಕಾಗುತ್ತಾ ನಿನಗೆ?

ನಿನ್ನ ಮಾರ್ಸಲಿ