ಹಿಂದೆ ಬಿದ್ದ ಎಡಗೈ

ಭಾನುವಾರ, ಮಧ್ಯಾಹ್ನ
ಸ್ಟುಡಿಯೊದಿಂದ

ಮಗಳ ಅಪ್ಪನವರಿಗೆ,

ಏನಂತ ಕರೆಯಲಿ ಎಂದು ಯೋಚಿಸುತ್ತಲೇ ಎರಡು ಹಾಳೆ ಹರಿದು ಬಿಸಾಡಿದೆ. ‘ಪ್ರಿಯ’ ಎಂದು ಬರೆದರೆ ನೀವು ನಕ್ಕು ಬ್ಯಾಂಡಿನವರಿಗೆಲ್ಲ ತೋರಿಸುತ್ತೀರಿ. ಹೆಸರು ಹಿಡಿದು ಕರೆದು ಅಭ್ಯಾಸವಿಲ್ಲ. ‘ರೀ’ ಎನ್ನುವುದು ಕಾಗದದ ಮೇಲೆ ಚೆನ್ನಾಗಿ ಕಾಣುವುದಿಲ್ಲ, ಅದನ್ನು ಅಡುಗೆಮನೆಯಿಂದ ಕೂಗಿದರೇ ಚೆಂದ. ಆದ್ದರಿಂದ ಹೀಗೆ ಬರೆದಿದ್ದೇನೆ. ಇಬ್ಬರಿಗೂ ಸೇರಿದ್ದು ಅಂತ ಈಗ ಉಳಿದಿರುವುದು ಅವಳೊಬ್ಬಳೇ ತಾನೆ.

ನಿಮ್ಮ ಬ್ಯಾಂಡಿನ ಕೀಬೋರ್ಡಿನವರು ನಿನ್ನೆ ಯಾರದೋ ಮದುವೆ ವಿಡಿಯೊ ತೆಗೆದುಕೊಂಡು ಹೋಗಲು ಬಂದಿದ್ದರು. “ಅಣ್ಣ ಡ್ರಮ್ಸಿಗೆ ಬಟ್ಟೆ ಹೊದಿಸಿಬಿಟ್ಟಿದಾರೆ ಅಕ್ಕಾ. ಎಡಗೈ ಹಿಂದೆ ಬೀಳ್ತಿದೆಯಂತೆ, ಮಗಳ ವಿಡಿಯೊದಲ್ಲೇ ಗೊತ್ತಾಯ್ತಂತೆ. ಬೇರೆಯವರನ್ನ ನೋಡ್ಕೊಳ್ರಪ್ಪ ಅಂದ್ಬಿಟ್ರು” ಅಂದರು. ನಾನು ಅವರ ಮುಖ ನೋಡಲಾರದೆ ಕವರು ಹುಡುಕುವ ನೆಪದಲ್ಲಿ ಮೇಜಿನ ಕೆಳಗೆ ಬಗ್ಗಿದೆ.

ನಿಮ್ಮ ಎಡಗೈಗೆ ಏನೂ ಆಗಿಲ್ಲ. ಈ ಮಾತನ್ನು ಮೊದಲೇ ಬರೆದುಬಿಡುತ್ತೇನೆ. ಮುಂದಿನದನ್ನು ಓದದೆ ಹರಿದುಹಾಕಿದರೂ ಇಷ್ಟು ನಿಮಗೆ ತಲುಪಲಿ. ಕೈ ಸರಿಯಾಗಿಯೇ ನುಡಿಸಿತ್ತು. ಅದನ್ನು ಹಿಂದೆ ಬೀಳಿಸಿದವಳು ನಾನು.

ಬೈದುಕೊಂಡಿರಾ? ಬೈದುಕೊಳ್ಳಿ. ಆಮೇಲೆ ಮುಂದೆ ಓದಿ.

ನನ್ನ ಕೆಲಸ ಎಂಥದ್ದು ಎಂದು ನಿಮಗೆ ಗೊತ್ತು. ಮದುವೆ ಮುಗಿದು ವಿಡಿಯೊ ತಯಾರಾಗುವಷ್ಟರಲ್ಲಿ ಎಷ್ಟೋ ಮನೆಗಳಲ್ಲಿ ಜಗಳವೂ ತಯಾರಾಗಿರುತ್ತದೆ. “ನಮ್ಮ ಭಾವ ಎಲ್ಲೂ ಕಾಣಬಾರದು ಮೇಡಂ” ಎಂದು ಒಬ್ಬರು, “ಆ ಅತ್ತೆಯ ಮುಖ ತೆಗೆದುಬಿಡಿ” ಎಂದು ಇನ್ನೊಬ್ಬರು. ಮದುವೆಗೆ ಬಂದವರನ್ನು ಬಂದೇ ಇಲ್ಲವೆಂಬಂತೆ ಮಾಡುವುದರಲ್ಲಿ ನನ್ನದು ಎತ್ತಿದ ಕೈ. ಗಿರಾಕಿಗಳ ಮುಂದೆಯೇ ನೀವು ನನ್ನನ್ನು ‘ಕತ್ತರಿ’ ಎಂದು ಕರೆಯುತ್ತಿದ್ದಿರಿ, ನನಗೆ ಮೂಗಿನ ತುದಿಗೆ ಕೋಪ ಬರುತ್ತಿತ್ತು.

ನಮ್ಮ ರಾಜಕುಮಾರಿ ಸಿನಿಮಾ ಕಲಿಯಲು ಆ ಕಾಲೇಜು ಸೇರಿದ ಮೇಲೆ ನನ್ನ ಕೆಲಸವೆಂದರೆ ಅವಳಿಗೆ ತಾತ್ಸಾರ. “ಅಯ್ಯೋ ಅಮ್ಮಾ, ಮತ್ತೆ ಗಂಡು-ಹೆಣ್ಣಿನ ಸುತ್ತ ಹೂವು ಹಾರಿಸಿದೀಯಾ!” ಎಂದು ಗೆಳತಿಯರ ಜೊತೆ ಕಿಸಿಕಿಸಿ ನಗುತ್ತಿದ್ದಳು. ಅಂಥವಳು ಹಾರ್ಡ್ ಡಿಸ್ಕ್ ಹಿಡಿದುಕೊಂಡು ಬಂದು, “ಕಾಲೇಜಿನ ಕಂಪ್ಯೂಟರ್ ಕೈ ಕೊಡ್ತಿದೆ, ನಮ್ಮ ಮ್ಯೂಸಿಕ್ ವಿಡಿಯೊನ ನೀನೇ ಎಡಿಟ್ ಮಾಡ್ಕೊಡು” ಎಂದಾಗ ನನ್ನ ಮುಖ ಇಷ್ಟಗಲವಾಯಿತು. ಹಾಡು ಅವಳ ತರಗತಿಯವರೇ ಬರೆದು, ರಾಗ ಹಾಕಿ, ಹಾಡಿದ್ದು. ಅದರ ಡ್ರಮ್ಸಿನ ಸದ್ದನ್ನೂ ಕಂಪ್ಯೂಟರಿನಲ್ಲೇ ಮಾಡಿಕೊಂಡಿದ್ದರು. “ಒಳಗೊಂದು ವಿಶೇಷ ಇದೆ, ನೀನೇ ನೋಡು” ಎಂದು ಹೇಳಿ ಕ್ಲಾಸಿಗೆ ಓಡಿದಳು.

ತೆರೆದು ನೋಡಿದರೆ ವಿಶೇಷ ನೀವು!

ನೀವು ಈಗ ಇರುವ ಗೋದಾಮಿನ ಮಾಳಿಗೆಯ ಮೇಲೆ, ಬಿಸಿಲಿನಲ್ಲಿ, ಡ್ರಮ್ಸಿನ ಮುಂದೆ ಕೂತಿದ್ದಿರಿ. ಬೈಕಿನಿಂದ ಬಿದ್ದು ಮಣಿಕಟ್ಟು ಮುರಿದ ಮೇಲೆ ಇನ್ನು ಕೋಲು ಹಿಡಿಯುವುದು ಅನುಮಾನವೆಂದು ಎಲ್ಲರೂ ಅಂದಿದ್ದರಲ್ಲ, ಅದೇ ಎಡಗೈಯಲ್ಲಿ ಕೋಲು. ನಿಮ್ಮನ್ನು ನೋಡಿ ನನಗೆ ಕೋಪ ಬರಲಿಲ್ಲ, ನಂಬಿ. ಕೋಪ ಬಂದದ್ದು ಆಮೇಲೆ. ಒಂದು ಶಾಟ್ ಮುಗಿದರೂ ಕ್ಯಾಮೆರಾ ನಿಲ್ಲಿಸಿರಲಿಲ್ಲ. ಮಗಳು ಓಡಿಬಂದು ಅಂಗಿಯ ತೋಳಿನಿಂದ ನಿಮ್ಮ ಹಣೆ ಒರೆಸಿ, ಎಡಗೈ ಹಿಡಿದುಕೊಂಡು, ಒಂದೊಂದೇ ಬೆರಳು ನೀವಿದಳು. ನೀವು ಏನೋ ಅಂದಿರಿ. ಅವಳು ಕತ್ತು ಹಿಂದಕ್ಕೆ ಚೆಲ್ಲಿ ನಕ್ಕಳು. ಇಂಥ ಹಾಡಿನ ಕೆಲಸದಲ್ಲಿ ಕ್ಯಾಮೆರಾದ ಸದ್ದು ನಮಗೆ ಬೇಡ, ಹಾಡನ್ನು ಬೇರೆಯಾಗಿ ಜೋಡಿಸುತ್ತೇವೆ. ಆದ್ದರಿಂದ ಮೊದಲು ಮಾಡುವ ಕೆಲಸವೇ ಆ ಸದ್ದನ್ನು ಮುಚ್ಚುವುದು. ಹೀಗಾಗಿ ಆ ನಗು ನನಗೆ ಕೇಳಿಸಲಿಲ್ಲ, ಕಾಣಿಸಿತು ಅಷ್ಟೆ.

ಗೆಳತಿಯ ಮನೆಯಲ್ಲಿ ಓದಿಕೊಳ್ಳುತ್ತೇನೆ ಎಂದು ಸಂಜೆಸಂಜೆ ಹೋಗುತ್ತಿದ್ದಳು. ಆ ಗೆಳತಿ ನೀವು ಎಂದು ಆಗ ಗೊತ್ತಾಯಿತು. ಅವಳು ನಿಮ್ಮ ಕೈಗೆ ಎಣ್ಣೆ ತಿಕ್ಕಿ, ಬೆರಳಾಡಿಸಿ, ಮತ್ತೆ ಕೋಲು ಹಿಡಿಸಿದ್ದಳು. ನನಗೆ ಒಂದು ಮಾತು ಹೇಳಿರಲಿಲ್ಲ.

ಹೊಟ್ಟೆ ಉರಿಯಿತು. ಇದಕ್ಕೆ ಬೇರೆ ಚೆಂದದ ಪದ ಇಲ್ಲ. ಜ್ವರ ಬಂದಾಗ ಪಕ್ಕದಲ್ಲಿ ಕೂತವಳು ನಾನು, ಫೀಸು, ಜಡೆ, ಬೈಗುಳ, ಎಲ್ಲ ನನ್ನ ಪಾಲಿಗೆ. ನೀವು ಊರವರ ಮದುವೆಗಳಲ್ಲಿ ಬಾರಿಸಿಕೊಂಡು ಇದ್ದಿರಿ. ‘ಆ ಡ್ರಮ್ಸಿನ ಜೊತೆಗೇ ಹೋಗಿ ಇರಿ’ ಎಂದು ಒಂದು ದಿನ ಬಾಯಿಗೆ ಬಂದದ್ದು ಅಂದೆ. ನಾನು ಹೇಳಿದ ಯಾವ ಮಾತನ್ನೂ ನೀವು ಕೇಳಿದವರಲ್ಲ, ಅದೊಂದನ್ನು ಮಾತ್ರ ಅಕ್ಷರಶಃ ಕೇಳಿದಿರಿ. ಈಗ ಮಗಳೂ ನಿಮ್ಮ ಮಾಳಿಗೆ ಹತ್ತಿಬಿಡುತ್ತಾಳೆ, ನಾನು ಹೂವು ಹಾರಿಸಿಕೊಂಡು ಕೂರುತ್ತೇನೆ ಎಂಬ ಭಯ. ಹುಚ್ಚು ಅನ್ನಿ.

ನಿಮ್ಮನ್ನು ಸುಮ್ಮನೆ ತೆಗೆದುಹಾಕಿದರೆ ಅವಳು ಕೇಳದೆ ಬಿಡುತ್ತಾಳೆಯೆ? ಕಾರಣ ಬೇಕಿತ್ತು. ಪರದೆಯ ಮೇಲೆ ಚಿತ್ರ ಒಂದು ಪಟ್ಟಿಯಾಗಿ, ಹಾಡು ಇನ್ನೊಂದು ಪಟ್ಟಿಯಾಗಿ ಒಂದರ ಕೆಳಗೊಂದು ಇರುತ್ತವೆ. ನಿಮ್ಮ ಎಡಗೈ ಮಾತ್ರ ಹತ್ತಿರದಿಂದ ಕಾಣುವ ಶಾಟುಗಳನ್ನು ಆರಿಸಿ, ಚಿತ್ರವನ್ನು ಒಂದಿಷ್ಟೇ ಇಷ್ಟು ಬಲಕ್ಕೆ ಸರಿಸಿದೆ. ಕಣ್ಣು ಮಿಟುಕಿಸುವಷ್ಟೂ ಇಲ್ಲ. ಸದ್ದು ಬಂದ ಮೇಲೆ ಕೋಲು ಬೀಳತೊಡಗಿತು. ಪಾಪ, ಮುದುಕನ ಕೈ ಅನ್ನಿಸುವ ಹಾಗೆ.

ಸಂಜೆ ಅವಳನ್ನು ಕೂರಿಸಿ, “ನೋಡು ಕಣೇ, ಎಡಗೈ ತಾಳಕ್ಕೆ ಕೂಡ್ತಾ ಇಲ್ಲ” ಅಂದೆ. ಮತ್ತೆ ಮತ್ತೆ ಹಾಕಿಸಿ ನೋಡಿದಳು. ಅನುಮಾನಪಡಲಿಲ್ಲ ರೀ! ಬೇರೆ ಯಾರೇ ತೋರಿಸಿದ್ದರೂ ಎಳೆದಾಡಿ ಪರೀಕ್ಷೆ ಮಾಡುತ್ತಿದ್ದಳು, ಅದನ್ನೇ ಕಲಿಯುತ್ತಿರುವವಳು. “ಅಪ್ಪಂಗೆ ಗೊತ್ತಾಗ್ದೇ ಇರೋ ಹಾಗೆ ಸರಿ ಮಾಡಕ್ಕಾಗಲ್ವಾ ಅಮ್ಮಾ? ನಿನಗೆ ಎಲ್ಲಾ ಬರುತ್ತಲ್ಲ” ಅಂದಳು. ಬೆರಳ ತುದಿಯ ಕೆಲಸ, ಇದ್ದಲ್ಲಿಗೆ ಹಿಂದಕ್ಕೆ ಸರಿಸಿದರೆ ಮುಗಿಯಿತು. ಆಗಲ್ಲ ಅಂದೆ. ಆಗ ಅವಳೇ, ನಾಲ್ಕು ಜನರ ಮುಂದೆ ಅಪ್ಪ ಹೀಗೆ ಕಾಣುವುದು ಬೇಡ, ತೆಗೆದುಬಿಡು ಅಂದಳು. ನಿಮ್ಮನ್ನು ತೆಗೆಯುವ ಮಾತನ್ನು ಅವಳ ಬಾಯಿಂದಲೇ ಹೇಳಿಸಿಬಿಟ್ಟೆ.

ಕಾಲೇಜಿನಲ್ಲಿ ತೋರಿಸಿದ ದಿನ ನಾನೂ ಬಂದಿದ್ದೆ, ಬಾಗಿಲ ಬಳಿ ನಿಂತಿದ್ದೆ. ನೀವು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಬ್ಯಾಂಡಿನವರನ್ನೆಲ್ಲ ಕಟ್ಟಿಕೊಂಡು ಬಂದು, ಎರಡನೇ ಸಾಲಿನಲ್ಲಿ ಕೂತಿದ್ದಿರಿ. ಡ್ರಮ್ಸಿನ ಸದ್ದು ಬಂದಾಗ ಪರದೆಯ ಮೇಲೆ ಹಾಡುವ ಹುಡುಗಿ ಬೀದಿಯಲ್ಲಿ ನಡೆಯುತ್ತಿದ್ದಳು. ನಿಮ್ಮವರೆಲ್ಲ ಕತ್ತು ತಿರುಗಿಸಿ ನಿಮ್ಮ ಮುಖ ನೋಡಿದರು. ಹಾಡು ಮುಗಿದಾಗ ಮೊದಲು ಚಪ್ಪಾಳೆ ತಟ್ಟಿದವರು ನೀವೇ. ನಾನು ಮೆಟ್ಟಿಲಿಳಿದು ಬಂದುಬಿಟ್ಟೆ.

ಎಲ್ಲರೂ ಹೊರಟ ಮೇಲೆ, ಕೈ ಇನ್ನೂ ಸ್ವಲ್ಪ ನಿಧಾನ ಇದೆ ಎಂದು ಅವಳು ಆದಷ್ಟು ಮೆತ್ತಗೆ ಹೇಳಿದಳಂತೆ. ನೀವು, “ನಂಗೂ ಹಾಗೇ ಅನ್ನಿಸಿತ್ತು ಬಿಡಮ್ಮ” ಅಂದಿರಂತೆ. ನಿಮಗೆ ಹಾಗೆ ಅನ್ನಿಸಿರಲಿಲ್ಲ, ಅವಳು ನೊಂದುಕೊಳ್ಳದಿರಲಿ ಎಂದು ಅಂದಿರಿ. ಆಮೇಲೆ ನಿಜವೆಂದೇ ನಂಬಿದಿರಿ. ನಿಮ್ಮನ್ನು ನಾನು ಬಲ್ಲೆ.

ಹೇಗೋ ಮುಚ್ಚಿಹೋಗುತ್ತಿತ್ತು. ಮೊನ್ನೆ ಅವಳು, ಶೂಟಿಂಗ್ ನಡುವಿನ ತಮಾಷೆಯ ತುಣುಕುಗಳನ್ನು ಸೇರಿಸಿಕೊಡು, ಗೆಳೆಯರೆಲ್ಲ ಕೇಳುತ್ತಿದ್ದಾರೆ ಅಂದಳು. ಅದಕ್ಕೆ ಕ್ಯಾಮೆರಾದ ಸದ್ದು ಬೇಕು. ಹೆಡ್‌ಫೋನ್ ಹಾಕಿಕೊಂಡು ತೆರೆದೆ. ಶೂಟಿಂಗಿಗೆಂದು ಮಾಳಿಗೆಯಲ್ಲಿ ಇಟ್ಟಿದ್ದ ಸ್ಪೀಕರಿನಲ್ಲಿ ಹಾಡು, ಅದರ ಮೇಲೆ ನಿಮ್ಮ ಕೋಲು. ಯಂತ್ರದ ತಾಳಕ್ಕೆ ಸರಿಸಮ, ಎಡಗೈ, ಬಲಗೈ, ಎರಡೂ. ಅದು ನನಗೆ ಗೊತ್ತಿದ್ದ ವಿಷಯವೇ, ಆದರೂ ಕಿವಿಯಿಂದ ಕೇಳುವಾಗ ಬೆವರಿದೆ. ಹಾಡು ನಿಂತ ಮೇಲೆ ನೀವು ಮಗಳನ್ನು ಕೇಳುತ್ತೀರಿ: “ಇದನ್ನೆಲ್ಲ ಎಡಿಟ್ ಮಾಡೋದು ಯಾರಮ್ಮ?” ಅಮ್ಮ ಅನ್ನುತ್ತಾಳೆ ಅವಳು. ನೀವು, “ಹಾಗಾದ್ರೆ ಭಯ ಇಲ್ಲ ಬಿಡು. ನಾನು ಎಲ್ಲಾದ್ರೂ ಎಡವಿದ್ರೂ ನಿಮ್ಮಮ್ಮ ನನ್ನ ನಗೆಪಾಟಲು ಮಾಡಲ್ಲ” ಅನ್ನುತ್ತೀರಿ.

ಅದಾದ ಮೇಲೆ ಆ ದಿನ ನಾನು ಕೆಲಸ ಮಾಡಲಿಲ್ಲ. ಯಾರೋ ಗಿರಾಕಿ ಬಂದರು, ಕರೆಂಟ್ ಇಲ್ಲ ಎಂದು ಹೇಳಿ ಕಳಿಸಿದೆ. ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು, ಪಾಪ ಅವರು ಅದನ್ನು ನೋಡಿಕೊಂಡೇ ಹೋದರು.

ಇದರ ಜೊತೆ ಪೆನ್ ಡ್ರೈವ್ ಇಟ್ಟಿದ್ದೇನೆ. ಮೊದಲಿನಿಂದ ಕೊನೆಯವರೆಗೂ ಮತ್ತೆ ಜೋಡಿಸಿದ್ದೇನೆ, ನೀವು ಎಲ್ಲೆಲ್ಲಿ ಇರಬೇಕಿತ್ತೋ ಅಲ್ಲೆಲ್ಲ ಇದ್ದೀರಿ. ಒಬ್ಬರೇ ನೋಡಬೇಡಿ, ಬ್ಯಾಂಡಿನವರನ್ನೆಲ್ಲ ಕೂರಿಸಿಕೊಂಡು ನೋಡಿ. ನನ್ನ ಹೆಸರು ಹೇಳಿಯೇ ತೋರಿಸಿ, ಬೈದರೆ ಬೈಯಲಿ. ಮತ್ತೆ ಆ ಬಟ್ಟೆ ತೆಗೆದು ಡ್ರಮ್ಸಿನ ಮುಂದೆ ಕೂರಿ ಮಾರಾಯರೇ, ನಿಮ್ಮ ಕಾಲಿಗೆ ಬೀಳುತ್ತೇನೆ. ಕ್ಷಮಿಸಿ ಎಂದು ಕೇಳಲು ನನಗೆ ಮುಖವಿಲ್ಲ, ಆದರೂ ಕೇಳುತ್ತಿದ್ದೇನೆ.

ಮಗಳಿಗೆ ನೀವು ಏನೂ ಹೇಳಬೇಡಿ. ಅವಳಿಗೆ ನಾನೇ ಎದುರು ಕೂರಿಸಿಕೊಂಡು ಹೇಳುತ್ತೇನೆ.

ಇಂತಿ,
ಅವಳ ಅಮ್ಮ

ಮರೆತ ಮಾತು: ಅವಳಿಗೆ ನಾನೇ ಹೇಳುತ್ತೇನೆ ಎಂದು ಕೊನೆಯಲ್ಲಿ ಬರೆದದ್ದು ಸುಳ್ಳು. ಬೆಳಿಗ್ಗೆಯಿಂದ ಅವಳ ಹಿಂದೆಮುಂದೆ ಸುತ್ತಿದೆ, ಬಾಯಿ ಬರಲಿಲ್ಲ. ಈ ಕಾಗದವನ್ನು ಅವಳ ಕೈಯಲ್ಲೇ ಕೊಟ್ಟು ಕಳಿಸುತ್ತಿದ್ದೇನೆ, ಲಕೋಟೆಗೆ ಅಂಟು ಹಾಕಿಲ್ಲ. ಓದದೆ ತರುವ ಜಾತಿಯಲ್ಲ ಅವಳು, ಬಸ್ಸಿನಲ್ಲೇ ಓದಿಬಿಟ್ಟಿರುತ್ತಾಳೆ. ಬಾಗಿಲು ತೆಗೆದಾಗ ಅವಳ ಮುಖ ನೋಡಿ ಏನೂ ಕೇಳಬೇಡಿ, ಒಳಗೆ ಕರೆದು ಊಟ ಹಾಕಿ. ಇವತ್ತು ಅವಳು ನನ್ನ ಹತ್ತಿರ ವಾಪಸ್ ಬರುವುದಿಲ್ಲ, ಅಲ್ಲೇ ಮಲಗಿಸಿಕೊಳ್ಳಿ.