ಇಳಿಯಲು ಕಟ್ಟೆಯಿಲ್ಲದ ದಾರಿ

ನನ್ನ ಮನೆಯಲ್ಲಿ ಏಳು ವರ್ಷ ಸೊಸೆಯಾಗಿದ್ದವಳಿಗೆ,

ಇದಕ್ಕಿಂತ ಸರಿಯಾದ ಸಂಬೋಧನೆ ನನಗೆ ಸಿಗಲಿಲ್ಲ. ‘ಮಗಳೇ’ ಎಂದು ಬರೆದೆ, ಹೊಡೆದುಹಾಕಿದೆ. ಮನೆಯಲ್ಲಿದ್ದಾಗ ಒಂದು ದಿನವೂ ಹಾಗೆ ಕರೆಯದವಳು ಈಗ ಕಾಗದದಲ್ಲಿ ಕರೆದರೆ ನಿನಗೆ ನಗು ಬಂದೀತು.

ನಿನ್ನ ವಿಳಾಸ ಕೊಟ್ಟವನು ಅಂಗಡಿಗೆ ಕಾಗದದ ರೀಮು ತಂದುಕೊಡುವ ಏಜೆಂಟು. ಶಾಲೆಯೊಂದರ ಲೈಬ್ರರಿಯಲ್ಲಿ ಹರಿದ ಪುಸ್ತಕ ಹೊಲಿದು ರಟ್ಟು ಕೂರಿಸುವ ಕೆಲಸವಂತೆ, ಮೇಲಂತಸ್ತಿನಲ್ಲಿ ಒಂದು ಕೋಣೆಯಂತೆ, ಒಬ್ಬಳೇ ಇದ್ದೀಯಂತೆ. ದಾರ ಅಷ್ಟು ಬಿಗಿಯಾಗಿ ಎಳೆಯಬೇಡ. ನಮ್ಮ ಬೈಂಡಿಂಗ್ ಅಂಗಡಿಯಲ್ಲಿದ್ದಾಗಲೂ ಎಳೆಯುತ್ತಿದ್ದೆ, ಮಡಿಕೆಯಲ್ಲಿ ಕಾಗದ ಸೀಳಿಕೊಳ್ಳುತ್ತಿತ್ತು, ಹೇಳಿದರೆ ಕೇಳುತ್ತಿರಲಿಲ್ಲ.

ನಾನಿನ್ನೂ ಸೈಕಲ್ ತುಳಿಯುತ್ತಿದ್ದೇನೆ. ಅರವತ್ತೆಂಟು ತುಂಬಿತು. ವಾರದಲ್ಲಿ ಐದು ದಿನ, ಬೆಳಿಗ್ಗೆ ಆರಕ್ಕೆ ಹೊರಟರೆ ಏಳೂಕಾಲಿಗೆ ಮನೆ. ನೀನು ಬಿಟ್ಟುಹೋದ ಅದೇ ಹಸಿರು ಸೈಕಲ್. ಎರಡು ಸಲ ಟೈರು ಬದಲಾಯಿಸಿದೆ, ಒಂದು ಸಲ ಚೈನು. ಅದು ನಿನ್ನದು, ಕೇಳಿದರೆ ಕೊಡಲೇಬೇಕು. ಆದರೆ ಕೊಡಲು ನನಗೆ ಮನಸ್ಸಿಲ್ಲ, ಇದನ್ನೂ ಬರೆದುಬಿಡುತ್ತೇನೆ.

ನನಗೆ ಸೈಕಲ್ ಹುಚ್ಚು ಹಿಡಿಸಿದವಳು ನೀನೇ. ಡಾಕ್ಟರು ಆವತ್ತು ಹೇಳಿದ್ದು ನೆನಪಿದೆಯೇ? ನಡೆದರೆ ಮಂಡಿ ಸವೆಯುತ್ತೆ, ಕೂತರೆ ಸಕ್ಕರೆ ಏರುತ್ತೆ, ಸೈಕಲ್ ತುಳೀರಿ ಅಂದರು. ಅವರಿಗೆ ತಲೆ ಕೆಟ್ಟಿದೆ ಅಂದುಕೊಂಡು ನಾನು ಡಾಕ್ಟರನ್ನೇ ಬದಲಾಯಿಸಲು ಹೊರಟಿದ್ದೆ. ನೀನು ಮಾತ್ರ ಮರುದಿನ ಬೆಳಿಗ್ಗೆ ಸೈಕಲ್ಲನ್ನು ಅಂಗಳಕ್ಕೆ ತಂದು ನಿಲ್ಲಿಸಿ, ನಿನ್ನ ಹಳೆಯ ಪ್ಯಾಂಟೊಂದನ್ನು ನನ್ನ ಹಾಸಿಗೆಯ ಮೇಲಿಟ್ಟು ಹೋದೆ. ಅರ್ಧ ಗಂಟೆ ಆ ಪ್ಯಾಂಟನ್ನು ನೋಡುತ್ತ ಕೂತಿದ್ದೆ. ಗಂಡ ಸತ್ತ ಮೇಲೆ ಇಪ್ಪತ್ತೆರಡು ವರ್ಷ ಅಂಗಡಿ ನಡೆಸಿದವಳು, ಆಳುಗಳು ನನ್ನ ಚಪ್ಪಲಿ ಸದ್ದು ಕೇಳಿದರೆ ಮಾತು ನಿಲ್ಲಿಸುತ್ತಿದ್ದರು, ಅಂಥವಳು ಪ್ಯಾಂಟು ಹಾಕಿಕೊಂಡು ಅಂಗಳದಲ್ಲಿ ಬೀಳುವುದೆಂದರೆ ಏನು ಮಾತು! ಹಾಕಿಕೊಂಡೆ. ಬಿದ್ದೆ. ನೀನು ನಗಲಿಲ್ಲ. ಮಣ್ಣು ಕೊಡವಿ, “ಇನ್ನೊಂದು ಸುತ್ತು ಅತ್ತೆ” ಅಂದೆ. ನಾನು ಬಿದ್ದದ್ದನ್ನು ಮನೆಯಲ್ಲಿ ಯಾರಿಗೂ ಹೇಳಲೂ ಇಲ್ಲ. ಅದನ್ನು ನಾನು ಗಮನಿಸಿದ್ದೆ.

ಎರಡು ತಿಂಗಳಲ್ಲಿ ಹತ್ತುವುದು ಬಂತು, ತಿರುಗಿಸುವುದು ಬಂತು, ಗೋಡೌನಿನ ಹಿಂದಿನ ಇಳಿಜಾರಿನಲ್ಲಿ ಪೆಡಲ್ ಬಿಟ್ಟು ಹೋಗುವುದೂ ಬಂತು. ಆ ಇಳಿಜಾರಿನಲ್ಲಿ ಮೊದಲ ಸಲ ಗಾಳಿ ಕಿವಿಯ ಹಿಂದೆ ಹೊಕ್ಕಾಗ ನಾನು ಬಾಯಿಬಿಟ್ಟು ಏನೋ ಕೂಗಿದೆನಂತೆ. ನೀನು ಹೇಳಿದೆ, ನಾನು ಒಪ್ಪಲಿಲ್ಲ. ಕೂಗಿದ್ದು ನಿಜ. ಬರದೆ ಉಳಿದದ್ದು ಒಂದೇ, ಇಳಿಯುವುದು. ಪ್ರತಿ ಸಲ ನೀನು ಗೇಟಿನ ಬಳಿ ನಿಂತು ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದು ಕೈಯಲ್ಲಿ ನನ್ನ ತೋಳು ಹಿಡಿದು ಇಳಿಸಿಕೊಳ್ಳುತ್ತಿದ್ದೆ. ಇಳಿಯುವುದನ್ನು ಮುಂದಿನ ವಾರ ಕಲಿಸುತ್ತೇನೆ ಅಂದಿದ್ದೆ. ಆ ವಾರ ನೀನು ಇರಲಿಲ್ಲ.

ಈಗ ನಗಬಹುದು. ನಾಲ್ಕು ವರ್ಷವಾಯಿತು, ನನಗೆ ಇವತ್ತಿಗೂ ಸೈಕಲ್ಲಿನಿಂದ ಇಳಿಯಲು ಬರುವುದಿಲ್ಲ. ಬ್ರೇಕ್ ಹಿಡಿದು ಕಾಲು ನೆಲಕ್ಕೆ ಊರಬೇಕು ಅನ್ನುವಾಗ ಎದೆ ಹಾರುತ್ತದೆ, ಮಂಡಿ ಕೈಕೊಡುತ್ತದೆ. ಕಲಿಸಿ ಎಂದು ಇನ್ನೊಬ್ಬರನ್ನು ಕೇಳುವ ಜಾತಿಯವಳು ನಾನಲ್ಲ, ನಿನಗೆ ಗೊತ್ತು. ಅದಕ್ಕೆ ದಾರಿಯನ್ನೇ ನನಗೆ ತಕ್ಕ ಹಾಗೆ ಮಾಡಿಕೊಂಡೆ. ಪಾದವಿಟ್ಟು ಇಳಿಯಲು ಎತ್ತರ ಹೊಂದುವ ಜಾಗಗಳು ಈ ಊರಿನಲ್ಲಿ ನಾಲ್ಕಿವೆ. ನಮ್ಮ ಗೇಟಿನ ಮೆಟ್ಟಿಲು, ಬಸ್ ನಿಲ್ದಾಣದ ಕಲ್ಲುಬೆಂಚು, ಗೋಡೌನಿನಲ್ಲಿ ಸರಕು ಇಳಿಸುವ ಜಗಲಿ, ಕಾಲುವೆ ದಾರಿಯ ಕೊನೆಯಲ್ಲಿರುವ ನೀರಿನ ಟ್ಯಾಂಕಿನ ಕಟ್ಟೆ. ಇವುಗಳ ನಡುವೆ ಎಲ್ಲಿಯೂ ನಿಲ್ಲುವ ಹಾಗಿಲ್ಲ. ಎದುರಿಗೆ ಯಾರು ಬಂದರೂ ತಲೆಯಾಡಿಸಿ ಮುಂದೆ ಹೋಗುತ್ತೇನೆ.

ಬೆಳಿಗ್ಗೆ ಜೊತೆಗೆ ಬರುವವರು ಇಬ್ಬರಿದ್ದರು. ಕೋರ್ಟಿನಲ್ಲಿ ಗುಮಾಸ್ತರಾಗಿ ನಿವೃತ್ತರಾದವರೊಬ್ಬರು, ಕೊರಳಲ್ಲಿ ಸದಾ ಸೀಟಿ, ಅದಕ್ಕೇ ಎಲ್ಲರೂ ಅವರನ್ನು ಪೀಪಿ ಅನ್ನುತ್ತಾರೆ. ಇನ್ನೊಬ್ಬರು ನರ್ಸಮ್ಮ. ಇಬ್ಬರಿಗೂ ದಾರಿಯಲ್ಲಿ ಮೂರು ಕಡೆ ನಿಂತು ಹರಟಬೇಕು. ನಾನು ನಿಲ್ಲುವುದಿಲ್ಲ. ಇದನ್ನು ಪೀಪಿ ಶಿಸ್ತು ಎಂದು ತಿಳಿದಿದ್ದಾರೆ. “ಅವರನ್ನ ನೋಡಿ ಕಲೀಬೇಕು. ಒಂದು ಸಲ ಹತ್ತಿದ್ರೆ ಮುಗೀತು, ನಡುವೆ ಕಾಲಿಡೋ ಮಾತೇ ಇಲ್ಲ” ಎಂದು ಎಲ್ಲರ ಮುಂದೆ ಹೊಗಳುತ್ತಾರೆ. ನಾನೂ ಮುಖ ಗಂಭೀರ ಮಾಡಿಕೊಂಡು ಕೇಳುತ್ತೇನೆ.

ಆರು ತಿಂಗಳ ಹಿಂದೆ ಮೂರನೆಯವರು ಸೇರಿಕೊಂಡರು. ಮಾರುಕಟ್ಟೆಯ ಚಪ್ಪಲಿ ಅಂಗಡಿಯ ಯಜಮಾನಿ. ನನಗಿಂತ ಹತ್ತು ವರ್ಷ ಚಿಕ್ಕವರು, ಮಾತು ಕಡಿಮೆ. ಅವರಿಗೆ ಮದುವೆಯಾಗದ ಮಗಳಿದ್ದಾಳೆ. ನನ್ನ ಮಗನಿಗೆ ಎರಡನೆಯ ಮದುವೆಯ ಮಾತು ಎದ್ದದ್ದು ಹಾಗೆ. ನರ್ಸಮ್ಮ ಎರಡೂ ಕಡೆ ಮಾತಾಡಿದರು, ಹುಡುಗಿ ಅಂಗಡಿಗೆ ಬಂದು ನೋಡಿಕೊಂಡು ಹೋದಳು, ಇವನೂ ಒಪ್ಪಿದ. ಮನೆಯಲ್ಲಿ ನಾಲ್ಕು ವರ್ಷದಿಂದ ನಾವಿಬ್ಬರೇ, ಗೋಡೆ ನೋಡಿಕೊಂಡು ಉಣ್ಣುತ್ತಿದ್ದೇವೆ. ಅಡಿಗೆ, ಅಂಗಡಿ, ಅವನ ಸಿಡುಕು, ಮೂರನ್ನೂ ಹೊತ್ತು ನನಗೆ ಸಾಕಾಗಿಹೋಗಿದೆ. ಯಾರಾದರೊಬ್ಬಳು ಬರಲಿ, ನಾನು ಒಂದು ಕಡೆ ಕೂರುತ್ತೇನೆ ಅನ್ನಿಸಿತ್ತು. ಸುಳ್ಳು ಹೇಳುವುದಿಲ್ಲ, ಆ ಹುಡುಗಿಯ ಬಗ್ಗೆ ನಾನು ಯೋಚಿಸಿರಲಿಲ್ಲ. ನನ್ನ ಬೆನ್ನುನೋವಿನ ಬಗ್ಗೆ ಯೋಚಿಸಿದ್ದೆ.

ಕಳೆದ ಮಂಗಳವಾರ ಪೀಪಿ ಮತ್ತು ನರ್ಸಮ್ಮ ಎಂದಿನಂತೆ ಹಿಂದೆ ನಿಂತರು. ಕಾಲುವೆ ದಾರಿಯಲ್ಲಿ ನಾವಿಬ್ಬರೇ. ಅದು ಎರಡು ಮೈಲಿ ನೆಟ್ಟಗಿನ ರಸ್ತೆ. ಒಂದು ಕಡೆ ನೀರು, ಇನ್ನೊಂದು ಕಡೆ ತಂತಿಬೇಲಿ. ಕಲ್ಲಿಲ್ಲ, ಮೆಟ್ಟಿಲಿಲ್ಲ. ಅವರು ನನ್ನ ಪಕ್ಕಕ್ಕೆ ಬಂದು, ರಸ್ತೆ ನೋಡುತ್ತಲೇ, “ತಪ್ಪು ತಿಳ್ಕೋಬೇಡಿ ಅಕ್ಕಾ, ಮೊದಲನೇ ಹುಡುಗಿ ಯಾಕೆ ಹೋದಳು?” ಅಂದರು.

ಇದಕ್ಕೆ ನನ್ನಲ್ಲಿ ಸಿದ್ಧ ಉತ್ತರವಿತ್ತು. ಅವಳಿಗೆ ಮನೆ ಹಿಡಿಸಲಿಲ್ಲ. ನಾಲ್ಕು ವರ್ಷ ಎಲ್ಲರಿಗೂ ಇದನ್ನೇ ಹೇಳಿದ್ದೇನೆ, ಹೇಳಿದ ಕೂಡಲೇ ಎದ್ದು ಇನ್ನೊಂದು ಕೆಲಸಕ್ಕೆ ಹೋಗಿದ್ದೇನೆ. ಆವತ್ತೂ ಹೇಳಿದೆ. ಹೇಳಿ, ಎದ್ದು ಹೋಗುವುದೆಲ್ಲಿಗೆ? ಅವರು ಹಾಗಾ ಅಂದು ಪಕ್ಕದಲ್ಲೇ ಬರುತ್ತಿದ್ದರು. ನಾನು ಜೋರಾಗಿ ತುಳಿದರೆ ಅವರೂ ತುಳಿದರು. ನಿಧಾನ ಮಾಡಿದರೆ ನಾನು ಬೀಳುತ್ತೇನೆ. ಆಮೇಲೆ ಅವರು ಮೆಲ್ಲಗೆ, “ನನ್ನ ಮಗಳು ಸ್ವಲ್ಪ ಬಾಯಿಗೆ ಬಾಯಿ ಕೊಡ್ತಾಳೆ. ತನ್ನದು ತಪ್ಪಿಲ್ಲ ಅಂದ್ರೆ ಬಿಡೋದೇ ಇಲ್ಲ. ನಿಮ್ಮನೇಲಿ ನಡೆಯುತ್ತಾ?” ಅಂದರು.

ಆಗ ನನಗೆ ಅಂಗಡಿ ಕಣ್ಣಿಗೆ ಬಂತು. ಮುನ್ನೂರು ಪುಟದ ಆ ಪುಸ್ತಕ, ಅಂಚು ಕತ್ತರಿಸುವಾಗ ಸಾಲುಗಳ ಕೊನೆಯ ಅಕ್ಷರಗಳೆಲ್ಲ ಹೋಗಿದ್ದವು. ಅಳತೆ ಗುರುತು ಹಾಕಿದವನು ನನ್ನ ಮಗ. ನೀನು ಅಷ್ಟನ್ನೇ ಹೇಳಿದೆ. ಅವನ ಕೈಯಲ್ಲಿ ಕಬ್ಬಿಣದ ಅಡಿಪಟ್ಟಿಯಿತ್ತು. ಎರಡು ಏಟು, ಮೊಣಕೈ ಕೆಳಗೆ. ನಾನು ಅಂಟಿನ ಮೇಜಿನ ಮುಂದಿದ್ದೆ, ನಾಲ್ಕು ಹೆಜ್ಜೆ ದೂರ. ನೀನು ನನ್ನ ಕಡೆ ನೋಡಿದೆ. ಅಂಟು ಒಣಗಿಹೋಗುತ್ತದೆಂದು ನಾನು ಕುಂಚ ನಿಲ್ಲಿಸಲಿಲ್ಲ.

“ನಡೆಯಲ್ಲ” ಅಂದೆ. “ಅವನು ಕೈ ಎತ್ತುತ್ತಾನೆ. ನಾನು ಕಣ್ಣಾರೆ ನೋಡಿದೀನಿ.”

ಅವರ ಸೈಕಲ್ಲಿನ ಬ್ರೇಕು ಕಿರುಗುಟ್ಟಿತು. ಅವರು ನಿಂತುಬಿಟ್ಟರು. ನನಗೆ ನಿಲ್ಲಲು ಬರುವುದಿಲ್ಲವಲ್ಲ, ಅಂಥ ಮಾತು ಹೇಳಿ ಅವರನ್ನು ಅಲ್ಲೇ ಬಿಟ್ಟು ಒಬ್ಬಳೇ ಟ್ಯಾಂಕಿನ ತನಕ ತುಳಿದೆ. ಕಟ್ಟೆಯ ಮೇಲೆ ಕೂತೆ. ಸ್ವಲ್ಪ ಹೊತ್ತಿಗೆ ಅವರು ಸೈಕಲ್ ತಳ್ಳಿಕೊಂಡು ಬಂದರು. ಬೈಯಲಿಲ್ಲ. ಆ ಹುಡುಗಿ ಈಗ ಎಲ್ಲಿದ್ದಾಳೆ ಎಂದಷ್ಟೇ ಕೇಳಿದರು. ನನಗೆ ಗೊತ್ತಿಲ್ಲ ಅಂದೆ. “ಗೊತ್ತಿಲ್ವಾ?” ಅಂದರು, ಅಷ್ಟೇ. ಸಂಬಂಧ ಅಲ್ಲಿಗೆ ಮುಗಿಯಿತು. ಏಜೆಂಟನ ಹತ್ತಿರ ನಿನ್ನನ್ನು ವಿಚಾರಿಸಿದ್ದು ಅದಾದ ಮೇಲೆ.

ಇದನ್ನು ಓದಿ ನನ್ನನ್ನು ದೊಡ್ಡ ಮನುಷ್ಯಳನ್ನಾಗಿ ಮಾಡಬೇಡ. ಆ ದಾರಿಯಲ್ಲಿ ಎಲ್ಲಾದರೂ ಒಂದು ಕಟ್ಟೆ ಇದ್ದಿದ್ದರೆ ನಾನು ಇಳಿದುಬಿಡುತ್ತಿದ್ದೆ.

ಮಗನಿಗೆ ನಾನೇ ಹೇಳಿದೆ, ಬೇರೆಯವರ ಬಾಯಿಂದ ತಿಳಿಯುವುದು ಬೇಡವೆಂದು. ಅವನು ಕಟಿಂಗ್ ಮಿಷನ್ನಿನ ಹಿಡಿ ಬಿಟ್ಟು ನನ್ನನ್ನೇ ನೋಡಿದ. “ಹೆತ್ತವಳು ನೀನು. ನನ್ನ ಬಾಳಿಗೆ ಎರಡನೇ ಸಲ ಕಲ್ಲು ಹಾಕಿದೆ” ಅಂದ. ನಾನು ತಡೆಯದ್ದಕ್ಕೆ ನೀನು ಹೋದೆ ಎಂದು ಅವನ ಲೆಕ್ಕ. ಮೊದಲನೆಯ ಸಲ ಹಾಕಿದ್ದು ನಿಜ, ಆದರೆ ಅವನು ತಿಳಿದ ಹಾಗಲ್ಲ. ಆವತ್ತೇ ಕುಂಚ ಕೆಳಗಿಟ್ಟು ಅವನ ಕೈ ಹಿಡಿದಿದ್ದರೆ ನೀನೂ ಇರುತ್ತಿದ್ದೆಯೋ ಏನೋ, ಅವನೂ ಮನುಷ್ಯನಾಗುತ್ತಿದ್ದನೋ ಏನೋ. ಈಗ ತಟ್ಟೆ ಎತ್ತಿಕೊಂಡು ತನ್ನ ಕೋಣೆಗೆ ಹೋಗಿ ಉಣ್ಣುತ್ತಾನೆ. ಎರಡು ದಿನ ಸೈಕಲ್ಲನ್ನು ಕಾಗದದ ಕೋಣೆಯಲ್ಲಿಟ್ಟು ಬೀಗ ಹಾಕಿದ್ದ. ಮೂರನೆಯ ದಿನ ಅವನ ಮುಂದೆ ನಿಂತು ಅಂಗೈ ಚಾಚಿದೆ. ಮುಖ ನೋಡದೆ ಬೀಗದಕೈ ಇಟ್ಟ. ನನ್ನ ಮಗ, ಅವನನ್ನು ಬಿಡುವ ಹಾಗೂ ಇಲ್ಲ. ಅಡಿಗೆ ಮಾಡುತ್ತೇನೆ, ಮುಚ್ಚಿಡುತ್ತೇನೆ, ಮಲಗುತ್ತೇನೆ. ಬೆಳಿಗ್ಗೆ ಆ ಒಂದೂಕಾಲು ಗಂಟೆ ಮಾತ್ರ ನನ್ನದು.

ಇಷ್ಟೇ ಆಗಿದ್ದರೆ ನಿನಗೆ ಬರೆಯುತ್ತಿರಲಿಲ್ಲ. ಬರೆಯಲು ಕಾರಣ ನಿನ್ನ ಅಪ್ಪ.

ಏಟು ಬಿದ್ದ ಮೂರನೆಯ ದಿನ ಅವರು ಬಂದರು, ನಮ್ಮ ನಡುಮನೆಯಲ್ಲಿ ಕಿಟಕಿಯ ಪಕ್ಕ ಕೂತರು. ನಿನ್ನ ಕೈ ಊದಿತ್ತು. ಪ್ರೆಸ್ಸಿನ ಹಲಗೆ ಬಿತ್ತು ಎಂದು ಇವನು ಹೇಳಿದ. ಇಲ್ಲ, ಹೊಡೆದರು, ಅತ್ತೆ ನೋಡಿದ್ದಾರೆ ಎಂದು ನೀನು ಹೇಳಿದೆ. ಅವರು ನಿನ್ನ ಮಾತಿನ ಕಡೆಗೂ ವಾಲಲಿಲ್ಲ, ಅವನ ಮಾತಿನ ಕಡೆಗೂ ವಾಲಲಿಲ್ಲ. ನನ್ನ ಕಡೆ ತಿರುಗಿ, “ನೀವು ಹಿರಿಯರು. ನೀವು ಹೇಳಿದ್ದೇ ಕೊನೆ” ಅಂದರು. ನಾನು ನೋಡಿಲ್ಲ ಅಂದೆ. ಹಲಗೆ ಬಿದ್ದ ಸದ್ದು ಕೇಳಿಸಿತು ಎಂದೂ ಸೇರಿಸಿದೆ. ಯಾರೂ ಕೇಳದೆ ಸೇರಿಸಿದ್ದು ಅದು.

ಆಮೇಲೆ ಅವರು ಎದ್ದು ನಿಂತು ತಲೆ ತಗ್ಗಿಸಿ, ಮಗಳು ಸುಳ್ಳು ಹೇಳಿದ್ದಕ್ಕೆ ನನ್ನ ಹತ್ತಿರ ಕ್ಷಮೆ ಕೇಳಿದರು. ನಾನು, “ಇರಲಿ ಬಿಡಿ” ಅಂದೆ. ಆ ಎರಡು ಪದ ಹೇಳುವಾಗ ನನ್ನ ದನಿ ಸ್ವಲ್ಪವೂ ನಡುಗಲಿಲ್ಲ. ಏಟು ಮರೆತುಹೋದಾವು ಅನ್ನಬಹುದು, ಸುಳ್ಳು ಸಾಕ್ಷಿಯೂ ಹಳೆಯದಾದೀತು, ಆದರೆ ನಿನ್ನ ಮುಂದೆ ನಿನ್ನ ಅಪ್ಪ ಕೇಳಿದ ಕ್ಷಮೆಯನ್ನು ಕೈಚಾಚಿ ಇಸಿದುಕೊಂಡೆನಲ್ಲ, ಅದನ್ನು ಎಲ್ಲಿ ಇಡಬೇಕೆಂದು ತಿಳಿಯದೆ ನಾಲ್ಕು ವರ್ಷ ಹೊತ್ತು ತಿರುಗಿದ್ದೇನೆ. ನೀನು ಆವತ್ತೇ ಹೊರಟೆ. ಅವರ ಮನೆಗೂ ಹೋಗಲಿಲ್ಲ. ಸುಳ್ಳುಗಾತಿ ನನ್ನ ಬಾಗಿಲಿಗೆ ಬರುವುದು ಬೇಡ ಅಂದರೆಂದು, ಇವತ್ತಿಗೂ ನಿಮ್ಮಿಬ್ಬರಿಗೆ ಮಾತಿಲ್ಲವೆಂದು ಏಜೆಂಟು ಹೇಳಿದ. ನನ್ನ ಒಂದು ಮಾತು ನಂಬಿ ಆ ಮುದುಕರು ಇದ್ದೊಬ್ಬ ಮಗಳನ್ನು ಬಿಟ್ಟು ಕೂತಿದ್ದಾರೆ.

ನಾನು ನಾಳೆ ಬೆಳಿಗ್ಗೆಯ ಬಸ್ಸಿಗೆ ನಿನ್ನ ಅಪ್ಪನ ಮನೆಗೆ ಹೋಗುತ್ತಿದ್ದೇನೆ. ಕಾಗದ ಬರೆದರೆ ನಡೆಯುತ್ತದೆಯೇ ಎಂದು ಮೊದಲು ಯೋಚಿಸಿದೆ. ನಡೆಯುವುದಿಲ್ಲ. ಅವರು ಎದ್ದು ನಿಂತು ಕೇಳಿದವರು, ನಾನೂ ಎದ್ದು ನಿಂತೇ ಹೇಳಬೇಕು. ಹೇಳಬೇಕಾದ್ದು ಹೆಚ್ಚಿಲ್ಲ. ನಿಮ್ಮ ಮಗಳು ಹೇಳಿದ್ದು ನಿಜ, ನಾನು ನಾಲ್ಕು ಹೆಜ್ಜೆ ದೂರದಲ್ಲಿದ್ದೆ, ನೀವು ಕೇಳಿದ ಕ್ಷಮೆ ನನಗೆ ಸಲ್ಲದ್ದು. ಅವರು ಒಳಗೆ ಕರೆಯದಿದ್ದರೆ ಬೀದಿಯಲ್ಲೇ ನಿಂತು ಹೇಳುತ್ತೇನೆ. ನೆರೆಯವರು ಕೇಳಿಸಿಕೊಂಡರೆ ಇನ್ನೂ ಒಳ್ಳೆಯದು, ನಿನ್ನ ಹೆಸರು ಕೆಟ್ಟದ್ದು ಅವರ ಬಾಯಲ್ಲೇ ಅಲ್ಲವೇ.

ನಿನ್ನನ್ನು ಕೇಳಿ ಹೋಗುತ್ತಿಲ್ಲ. ಕೇಳಿದರೆ ಬೇಡ ಅನ್ನುತ್ತಿದ್ದೆ, ನಿನ್ನ ಬಿಂಕವೂ ನನಗೆ ಗೊತ್ತು. ಈ ಕಾಗದವನ್ನು ಬಸ್ ಹತ್ತುವ ಮೊದಲು ಡಬ್ಬಿಗೆ ಹಾಕುತ್ತೇನೆ. ನಿನಗೆ ಮುಟ್ಟುವ ಹೊತ್ತಿಗೆ ಅಲ್ಲಿ ಮಾತು ಮುಗಿದಿರುತ್ತದೆ.

ಉತ್ತರ ಬರೆಯಬೇಕಾಗಿಲ್ಲ. ನನ್ನನ್ನು ನೋಡಲು ಬರಬೇಕಾಗಿಯೂ ಇಲ್ಲ, ಬಂದರೆ ನಾವಿಬ್ಬರೂ ಏನು ಮಾತಾಡುತ್ತೇವೆ? ಆದರೆ ನಿನ್ನ ಅಪ್ಪ ಬರುತ್ತಾರೆ, ವಿಳಾಸ ನಾನೇ ಕೊಟ್ಟಿರುತ್ತೇನೆ. ತಪ್ಪು ತಿಳಿದ ಮೇಲೆ ಮನೆಯಲ್ಲಿ ಕೂರುವ ಮನುಷ್ಯರಲ್ಲ ಅವರು. ನಿನಗೆ ಸಿಟ್ಟಿರುತ್ತದೆ, ಇರಲೇಬೇಕು. ಆದರೂ ಮೇಲಂತಸ್ತು ಹತ್ತಿ ಬಂದವರನ್ನು ಮೊದಲು ಕೂರಿಸು, ಕುಡಿಯಲು ನೀರು ಕೊಡು. ಅವರ ಉಸಿರು ಹದಕ್ಕೆ ಬರಲಿ. ಜಗಳ ಆಮೇಲೆ ಆಡು, ಎಷ್ಟು ಬೇಕಾದರೂ ಆಡು.

ನಿನ್ನ ಕೈಕಾಲು ಗಟ್ಟಿಯಿರಲಿ, ನಿನ್ನ ಮಾತನ್ನು ಇನ್ನು ಮೇಲೆ ಯಾರೂ ಅಲ್ಲಗಳೆಯದಿರಲಿ.

ಹೋಗಿಬರುತ್ತೇನೆ,
ನಿನ್ನ ಅತ್ತೆಯಾಗಿದ್ದವಳು