ಎಡಗೈಯ ಬಳೆಗಳು

ಜುಲೈ 15, ಮಂಗಳವಾರ

ಸುಂದ್ರವ್ವನ ಹಸಿರು ಬಳೆಗಳು ಇನ್ನೂ ತಲೆಯಿಂದ ಹೋಗಿಲ್ಲ. ಎದೆನೋವೆಂದು ಬಂದ ಆಕೆಗೆ ಇವತ್ತು ಬಲ ಮಣಿಕಟ್ಟಿನ ರಕ್ತನಾಳದಿಂದ ಆಂಜಿಯೋಗ್ರಫಿ ಮಾಡುವುದಿತ್ತು. ಆ ಕೈಯ ಬಳೆಗಳನ್ನು ಸೋಪು ಹಚ್ಚಿ ಎಡಗೈಗೆ ದಾಟಿಸಿದ್ದೆ. ನರ್ಸ್ ಆದ ನನಗೆ ಇದು ದಿನದ ಕೆಲಸ. ಆದರೆ ಸೂಜಿ ತಾಗಿದ್ದೇ ಆ ರಕ್ತನಾಳ ಬಿಗಿದುಕೊಂಡಿತು. ಡಾಕ್ಟರು ಎಡಗೈ ಕೇಳಿದರು. ಬಲಗೈಗೆ ಪಟ್ಟಿ ಬಿಗಿದದ್ದರಿಂದ ಬಳೆಗಳನ್ನು ಮತ್ತೆ ಅಲ್ಲಿಗೆ ದಾಟಿಸುವಂತಿರಲಿಲ್ಲ.

ಸುಂದ್ರವ್ವನಿಗೆ ಪೂರ್ತಿ ಎಚ್ಚರವಿತ್ತು. ಎಡಗೈಯನ್ನು ಎದೆಗೆ ಒತ್ತಿಕೊಂಡಳು.

"ಎರಡೂ ಕೈ ಬೋಳ ಆಗ್ತಾವಲ್ರೀ ಸಿಸ್ಟರ್. ನಮ್ಮ ಮನಿಯವ್ರು ಹೊರಗ ಕುಂತಾರ, ಹೆಂಗದಾರ ನೋಡಿ ಬರ್ರಿ. ಆಮ್ಯಾಲ ತೆಗೀರಿ."

ಎದೆನೋವು ಆಕೆಗೆ, ಹೆದರಿಕೆ ಗಂಡನ ಜೀವದ್ದು! ಸಿಟ್ಟು ಬಂತು. ಆದರೂ ಹೋಗಿ ನೋಡಿದೆ. ಆಕೆಯ ಗಂಡ ರಾಮಪ್ಪ ಬೆಂಚಿನ ಮೇಲೆ ಕೂತು ವಡಾಪಾವ್ ತಿನ್ನುತ್ತಿದ್ದ. ಬಂದು ಹೇಳಿದೆ. ಸಣ್ಣಗೆ ನಕ್ಕು ಕೈ ಚಾಚಿದಳು. ಉಳಿದದ್ದೆಲ್ಲ ಸಲೀಸಾಗಿ ಮುಗಿಯಿತು.

ಈ ಕೆಲಸಕ್ಕೆ ಸೇರಿದಾಗಿನಿಂದ ನಾನು ಬಳೆ ತೊಟ್ಟಿಲ್ಲ. ಅದು ಒಂದು ದಿನವೂ ನನ್ನನ್ನು ಕಾಡಿರಲಿಲ್ಲ. ಸಂಜೆ ಘಾಟ್ಕೋಪರ್ ಸ್ಟೇಷನ್ನಿನಲ್ಲಿ ಲೋಕಲ್‌ಗೆ ಕಾಯುತ್ತ ನನ್ನ ಗಂಡ ವಿಕ್ರಂಗೆ ಫೋನ್ ಮಾಡಿದೆ.

"ಏನಾಯ್ತು? ಆಫೀಸ್ ಹೊತ್ತಲ್ಲಿ ಫೋನು?"

"ಏನಿಲ್ಲ. ಊಟ ಆಯ್ತಾ ಅಂತ ಕೇಳೋಣ ಅಂತ."

ಗಂಟೆ ಇನ್ನೂ ಆರಾಗಿರಲಿಲ್ಲ.